ದೊಡ್ಡ ಹುದ್ದೆಗೆ ಹೊಸಬರು ಬಂದಾಗ: ಮೊದಲ ಆರು ತಿಂಗಳ ಹೆಜ್ಜೆಗಳು

ಶಿವಮೊಗ್ಗ, ಭದ್ರಾವತಿ ಕಡೆಯ ಕಾರ್ಖಾನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಒಳ್ಳೆ ಜನ ಸಿಗಲ್ಲ, ಸಿಕ್ಕಿದ್ರೂ ನಿಲ್ಲಲ್ಲ." ಮೊದಲ ಅರ್ಧ ಒಂದು ಮಟ್ಟಿಗೆ ನಿಜ. ಪ್ರೊಡಕ್ಷನ್ ಹೆಡ್, ಕ್ವಾಲಿಟಿ ಹೆಡ್, ಫೈನಾನ್ಸ್ ಮ್ಯಾನೇಜರ್ ಬೇಕೆಂದರೆ ಎಷ್ಟೋ ಸಲ ಬೆಂಗಳೂರು, ಕೊಯಮತ್ತೂರು, ಪುಣೆ, ಬೆಳಗಾವಿ ಕಡೆ ನೋಡಬೇಕಾಗುತ್ತದೆ. ಎರಡನೇ ಅರ್ಧ ಮಾತ್ರ ಬಹಳ ಸಲ ನಮ್ಮದೇ ತಪ್ಪು. ತಿಂಗಳುಗಟ್ಟಲೆ ಹುಡುಕಿ, ಸಂಬಳ ಮಾತಾಡಿ, ಒಬ್ಬರನ್ನು ಕರೆತರುತ್ತೇವೆ. ಬಂದ ದಿನ ಹೂಗುಚ್ಛ ಕೊಡುತ್ತೇವೆ. ಆಮೇಲೆ "ಅನುಭವಸ್ಥರು, ಅವರೇ ನೋಡ್ಕೊಳ್ತಾರೆ" ಎಂದು ಸುಮ್ಮನಾಗುತ್ತೇವೆ.

ಅನುಭವಸ್ಥರಿಗೆ ಕೆಲಸ ಗೊತ್ತಿರುತ್ತದೆ. ನಮ್ಮ ಜಾಗ ಗೊತ್ತಿರುವುದಿಲ್ಲ. ಅದನ್ನು ತಿಳಿಸಿಕೊಡಬೇಕಾದವರು ಇಲ್ಲಿ ಮೊದಲಿನಿಂದ ಇರುವವರು. ಅವರು ಬಾಯಿ ಬಿಡದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಗ ನಾನು ಒಂದು ಎರಕದ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಕೊಯಮತ್ತೂರಿನಿಂದ ಒಬ್ಬರು ಪ್ರೊಡಕ್ಷನ್ ಹೆಡ್ ಆಗಿ ಬಂದರು. ಜೂನ್ ತಿಂಗಳು, ಮಳೆ ಹಿಡಿದಿತ್ತು. ಕರಗಿಸಲು ತಂದ ಹಳೆ ಕಬ್ಬಿಣ, ಅಂದರೆ ಸ್ಕ್ರ್ಯಾಪ್, ರಾಶಿ ಹಾಕುವ ನಮ್ಮ ಯಾರ್ಡಿನ ಅರ್ಧಕ್ಕೆ ಮಾತ್ರ ಶೀಟು. ಹಾಗಾಗಿ ಕಬ್ಬಿಣ ಕರಗಿಸುವ ಫರ್ನೇಸಿನ ಹಳೆಯ ಮೇಸ್ತ್ರಿ ಮರುದಿನಕ್ಕೆ ಬೇಕಾದ ಸ್ಕ್ರ್ಯಾಪನ್ನು ಹಿಂದಿನ ಸಂಜೆಯೇ ಒಳಗೆ ತರಿಸಿ, ಫರ್ನೇಸಿನ ಕಾವು ತಾಗುವಲ್ಲಿ ಹರವಿಸಿಡುತ್ತಿದ್ದರು. ಇದು ಎಲ್ಲೂ ಬರೆದಿರಲಿಲ್ಲ. ಹೊಸಬರ ಕಣ್ಣಿಗೆ ಅದು ನಡೆದಾಡುವ ದಾರಿಯಲ್ಲಿ ಬಿದ್ದ ಗುಜರಿ. ಅವರ ಲೆಕ್ಕದಲ್ಲಿ ಅದು ಸುರಕ್ಷತೆಯ ದೋಷ, ಆ ಲೆಕ್ಕ ತಪ್ಪೂ ಅಲ್ಲ. ಎಲ್ಲ ಎತ್ತಿಸಿ ಹೊರಗೆ ಹಾಕಿಸಿದರು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಒದ್ದೆ ಸ್ಕ್ರ್ಯಾಪ್ ಕರಗಿದ ಕಬ್ಬಿಣದೊಳಗೆ ಬಿತ್ತು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. 1,400 ಡಿಗ್ರಿ ದಾಟಿದ ಲೋಹದ ಕೆಳಗೆ ಅದು ಕ್ಷಣದಲ್ಲಿ ಆಗುತ್ತದೆ. ಢಬ್ ಎಂದು ಸದ್ದಾಗಿ ಲೋಹ ಮೇಲಕ್ಕೆ ಚಿಮ್ಮಿತು. ಒಬ್ಬ ಹುಡುಗನ ಏಪ್ರನ್ ಸುಟ್ಟಿತು, ಮೈಗೆ ಏನೂ ಆಗಲಿಲ್ಲ. ಆಮೇಲೆ ಮೇಸ್ತ್ರಿಯನ್ನು ಕೇಳಿದೆ, "ನಿಮಗೆ ಗೊತ್ತಿತ್ತಲ್ಲಾ, ಯಾಕೆ ಹೇಳಲಿಲ್ಲ?" ಅವರು ಹೇಳಿದ್ದು ಇಷ್ಟೇ. "ನನ್ನನ್ನ ಯಾರು ಕೇಳಿದ್ರು ಸರ್? ಅವರು ಬರ್ತಾರೆ ಅನ್ನೋದೇ ನಂಗೆ ಟೀ ಅಂಗಡಿಯಲ್ಲಿ ಗೊತ್ತಾಗಿದ್ದು."

22 ವರ್ಷ ಅದೇ ಫರ್ನೇಸಿನ ಮುಂದೆ ನಿಂತವರು ಅವರು. ಬಂದವರು ಐದನೇ ತಿಂಗಳಲ್ಲಿ ಬಿಟ್ಟು ಹೋದರು. ಕೆಳಗಿನ ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಆ ಐದು ತಿಂಗಳಿಂದ ಕಲಿತದ್ದು.

1. ಆಫರ್ ಒಪ್ಪಿದ ದಿನದಿಂದಲೇ ಶುರು ಮಾಡಿ

ದೊಡ್ಡ ಹುದ್ದೆಯವರಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳ ನೋಟಿಸ್ ಅವಧಿ ಇರುತ್ತದೆ. ಈ ಹೊತ್ತಿನಲ್ಲೇ ಹಳೆ ಕಂಪನಿ ಸಂಬಳ ಜಾಸ್ತಿ ಮಾಡುತ್ತೇವೆ ಎನ್ನುತ್ತದೆ, ಮನೆಯವರು "ಅಷ್ಟು ದೂರ ಯಾಕೆ" ಎನ್ನುತ್ತಾರೆ. ನಾವು ಮಾತ್ರ ಆಫರ್ ಲೆಟರ್ ಕಳಿಸಿ ಮೌನವಾಗಿರುತ್ತೇವೆ. ಹಾಗೆ ಮಾಡಬೇಡಿ. ಎರಡು ವಾರಕ್ಕೊಮ್ಮೆಯಾದರೂ ಫೋನ್ ಮಾಡಿ. ಎಚ್‌ಆರ್ ಮಾಡುವುದು ಬೇರೆ. ಅವರು ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರೇ ಮಾಡಬೇಕು. ಕಾರ್ಖಾನೆಯಲ್ಲಿ ಈಗ ಏನು ನಡೆಯುತ್ತಿದೆ, ಯಾವ ಆರ್ಡರ್ ಬಂತು, ಯಾವುದು ತಲೆನೋವಾಗಿದೆ ಎಂದು ಹೇಳುತ್ತಿದ್ದರೆ ಅವರ ಮನಸ್ಸು ಮೊದಲೇ ಈ ಕಡೆ ತಿರುಗುತ್ತದೆ.

ಸೇರುವ ಮೊದಲು ಒಮ್ಮೆ ಮನೆಯವರ ಜೊತೆ ಊರು ನೋಡಲು ಕರೆಸಿ. ಎರಡು ದಿನದ ಖರ್ಚು ದೊಡ್ಡದಲ್ಲ. ಬರೀ ಜೋಗ, ತಾವರೆಕೊಪ್ಪ ತೋರಿಸಿ ಕಳಿಸಬೇಡಿ. ಶಾಲೆ, ಆಸ್ಪತ್ರೆ, ತರಕಾರಿ ಮಾರ್ಕೆಟ್, ಬಾಡಿಗೆ ಮನೆಗಳನ್ನು ತೋರಿಸಿ. ಕಾರ್ಖಾನೆ ಮಾಚೇನಹಳ್ಳಿ ಕಡೆ ಇದ್ದು ಮನೆ ವಿನೋಬನಗರದಲ್ಲಿ ಹಿಡಿದರೆ ದಿನಾ ಊರು ದಾಟಿ ಹೋಗಬೇಕು. ಇದನ್ನು ಮೊದಲೇ ಹೇಳುವವರು ಬೇಕು.

ಸೇರುವ ತಿಂಗಳೂ ಮುಖ್ಯ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕುಟುಂಬ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಸೆಪ್ಟೆಂಬರಿನಲ್ಲಿ ಸೇರಿದವರು ಮುಂದಿನ ಬೇಸಿಗೆಯವರೆಗೆ ಒಬ್ಬರೇ ಇರಬೇಕಾಗಬಹುದು. ಹಾಗಿದ್ದರೆ ಶನಿವಾರ ಮಧ್ಯಾಹ್ನ ಬೇಗ ಬಿಡುವುದು, ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬರುವ ಖರ್ಚು ಕೊಡುವುದು, ಇಂಥದ್ದನ್ನು ಮೊದಲೇ ಮಾತಾಡಿ ಬರೆದಿಡಿ. ಬೆಂಗಳೂರಿಗೆ ರೈಲಿದೆ, ಸೋಗಾನೆಯ ವಿಮಾನ ನಿಲ್ದಾಣವೂ 2023ರಲ್ಲಿ ಶುರುವಾಗಿದೆ. ಆದರೂ ಭಾನುವಾರ ಒಂದೇ ದಿನ ರಜ ಇದ್ದವರಿಗೆ ಪುಣೆಗೆ ಹೋಗಿ ಬರುವುದು ಆಗದ ಮಾತು.

2. ಒಳಗಿನವರಿಗೆ ಮೊದಲು ಹೇಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಎಲ್ಲರೂ ಹಾರಿಸುವುದೂ ಇದನ್ನೇ.

ಹೊಸಬರು ಬರುವ ಹುದ್ದೆಯ ಮೇಲೆ ಒಳಗಿನ ಒಬ್ಬರಾದರೂ ಕಣ್ಣಿಟ್ಟಿರುತ್ತಾರೆ. ಬಾಯಿ ಬಿಟ್ಟು ಕೇಳಿರಲಿಕ್ಕಿಲ್ಲ. ನಮ್ಮ ಕಡೆಯವರು ಕೇಳುವುದಿಲ್ಲ, ಅವರಾಗೇ ಕೊಡಲಿ ಎಂದು ಕಾಯುತ್ತಾರೆ. ಕೊಡದೇ ಇದ್ದಾಗ ಜಗಳವನ್ನೂ ಆಡುವುದಿಲ್ಲ, ಸುಮ್ನಾಗುತ್ತಾರೆ. ಆ ಸುಮ್ನಿರುವಿಕೆಯೇ ಹೊಸಬರನ್ನು ಸೋಲಿಸುವುದು.

ಹಾಗಾಗಿ ಆಫರ್ ಕೊಡುವ ಮೊದಲೇ ಅಂಥವರನ್ನು ಒಬ್ಬರನ್ನೇ ಕರೆದು ಕೂರಿಸಿ ಮಾತಾಡಿ. ಮಾಲೀಕರೇ ಮಾತಾಡಬೇಕು. ಮೂರು ವಿಷಯ ಹೇಳಬೇಕು. ಈ ಹುದ್ದೆಗೆ ಹೊರಗಿನವರನ್ನು ತರುತ್ತಿದ್ದೇವೆ. ಅದಕ್ಕೆ ಕಾರಣ ಇಂಥದ್ದು. ನಿಮ್ಮ ಜಾಗ, ನಿಮ್ಮ ಮುಂದಿನ ದಾರಿ ಇಂಥದ್ದು. ಕಾರಣ ನಿಜವಾದದ್ದಾಗಿರಲಿ. "ನಿಮಗೆ ಜವಾಬ್ದಾರಿ ಜಾಸ್ತಿ ಆಗಬಾರದು ಅಂತ" ಎಂದರೆ ಯಾರೂ ನಂಬುವುದಿಲ್ಲ. "ನೀವು ಫರ್ನೇಸ್ ಬಲ್ಲಿರಿ. ನಮಗೆ ಈಗ ದೊಡ್ಡ ಗಿರಾಕಿಗಳ ಆಡಿಟ್ ಎದುರಿಸುವವರು ಬೇಕು, ಅದು ನಮ್ಮಲ್ಲಿ ಯಾರಿಗೂ ಬರಲ್ಲ" ಎಂದರೆ ಬೇಜಾರಾದರೂ ಒಪ್ಪುತ್ತಾರೆ. ಅವರು ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ಮಧ್ಯ ತಡೆಯಬೇಡಿ. ನಿಮ್ಮ ಮುಂದೆ ಆಡಿದ ಸಿಟ್ಟು ಹೊಸಬರ ಬೆನ್ನ ಹಿಂದೆ ಆಡುವ ಮಾತಿಗಿಂತ ಸಾವಿರ ಪಾಲು ಮೇಲು.

ಮುಂದಿನ ದಾರಿ ಎಂದರೆ ಬರೀ ಮಾತಲ್ಲ. ಏನಾದರೂ ಕೈಗೆ ಸಿಗಬೇಕು. ಹೊಸ ಜವಾಬ್ದಾರಿಯೋ, ತರಬೇತಿಯೋ, ಸಂಬಳದಲ್ಲಿ ಒಂದು ಹೆಜ್ಜೆಯೋ. ಕೊಡಲು ಏನೂ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. ಸುಳ್ಳು ಆಸೆ ಮಾತ್ರ ಹುಟ್ಟಿಸಬೇಡಿ.

ಆಮೇಲೆ ಉಳಿದವರಿಗೆ ಹೇಳಿ. ಶಿಫ್ಟ್ ಶುರುವಾಗುವ ಮೊದಲು ಹತ್ತು ನಿಮಿಷ ಸಾಕು. ಯಾರು ಬರುತ್ತಾರೆ, ಎಲ್ಲಿಂದ, ಯಾಕೆ, ಯಾರು ಯಾರು ಅವರಿಗೆ ವರದಿ ಕೊಡಬೇಕು. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ಮುಗಿಸುವ ವಿಷಯ ಇದಲ್ಲ.

3. ಕೆಲಸವನ್ನು ಒಂದು ಪುಟದಲ್ಲಿ ಬರೆಯಿರಿ

ಜಾಹೀರಾತಿಗೆ ಬರೆದ ಹುದ್ದೆಯ ವಿವರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ಎಲ್ಲ ಇರುತ್ತದೆ, ಯಾವುದು ಮೊದಲು ಅನ್ನುವುದು ಇರುವುದಿಲ್ಲ. ಹೊಸ ಹಾಳೆ ತೆಗೆದುಕೊಳ್ಳಿ. ಮೇಲೆ ಬರೆಯಿರಿ: ಆರು ತಿಂಗಳಲ್ಲಿ ಯಾವ ಮೂರು ವಿಷಯ ಬದಲಾಗಿರಬೇಕು? "ಗುಣಮಟ್ಟ ಸುಧಾರಿಸಬೇಕು" ಎಂದು ಬರೆದರೆ ಬರೆಯದಂತೆಯೇ. "ಮೌಲ್ಡಿಂಗ್ ಮರಳಿನ ತೇವದಿಂದ ಆಗುವ ರಿಜೆಕ್ಷನ್ ಈಗ ಇಷ್ಟಿದೆ, ಇಷ್ಟಕ್ಕೆ ಇಳಿಯಬೇಕು" ಎಂದು ಬರೆಯಿರಿ. ಎರಡು ಕಡೆಯೂ ಅಂಕಿ ಇರಲಿ.

ಹಾಳೆಯ ಕೆಳಗಿನ ಅರ್ಧದಲ್ಲಿ ಅಧಿಕಾರದ ಮಾತು. ಯಾರನ್ನೂ ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು? ಲೈನ್ ನಿಲ್ಲಿಸಬಹುದೇ? ಓವರ್‌ಟೈಮ್ ಕೊಡಬಹುದೇ? ಒಬ್ಬರನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕಬಹುದೇ? ಗಿರಾಕಿಗೆ ಡೆಲಿವರಿ ದಿನಾಂಕ ಕೊಡಬಹುದೇ? ಒಂದೊಂದರ ಮುಂದೆಯೂ "ಅವರೇ ತೀರ್ಮಾನಿಸುತ್ತಾರೆ", "ಹೇಳಿ ಮಾಡುತ್ತಾರೆ", "ಕೇಳಿ ಮಾಡುತ್ತಾರೆ" ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಈ ಪುಟವನ್ನು ಹೊಸಬರು ಬಂದ ಮೊದಲ ವಾರ ಅವರ ಜೊತೆ ಕೂತು ಓದಿ. ಒಪ್ಪದ ಕಡೆ ತಿದ್ದಿ. ಆಮೇಲೆ ಉಳಿದ ಮುಖ್ಯಸ್ಥರಿಗೂ ಒಂದೊಂದು ಪ್ರತಿ ಕೊಡಿ.

4. ಮೊದಲ ದಿನ

ಕುರ್ಚಿ, ಕಂಪ್ಯೂಟರ್, ಇಮೇಲ್, ಸಿಮ್ ಹಿಂದಿನ ದಿನವೇ ಸಿದ್ಧವಾಗಿರಲಿ. ಸೇಫ್ಟಿ ಶೂ ಅಳತೆಯನ್ನು ವಾರ ಮೊದಲೇ ಕೇಳಿಕೊಳ್ಳಿ. ಹೆಸರು ಅಚ್ಚು ಹಾಕಿಸಿದ ಟೀ ಕಪ್, ಡೈರಿಗಳಿಗಿಂತ ಕಾಲಿಗೆ ಸರಿಯಾಗುವ ಶೂ ಜಾಸ್ತಿ ಗೌರವ ತೋರಿಸುತ್ತದೆ ಅನ್ನುವುದು ನನ್ನ ಅನುಭವ. ಗೇಟಿನ ಸೆಕ್ಯೂರಿಟಿಯವರಿಗೆ ಹೆಸರು, ಬರುವ ಹೊತ್ತು ಹೇಳಿಟ್ಟಿರಿ. ದೊಡ್ಡ ಅಧಿಕಾರಿಯಾಗಿ ಬಂದವರು ಗೇಟಿನಲ್ಲಿ ಮುಕ್ಕಾಲು ಗಂಟೆ ರಿಜಿಸ್ಟರ್ ಹಿಡಿದು ನಿಂತದ್ದನ್ನು ನೋಡಿದ್ದೇನೆ.

ಕಾಗದಪತ್ರದಲ್ಲಿ ಎರಡು ಕಡೆ ಎಚ್ಚರ ಬೇಕು. ಪಿಎಫ್‌ಗೆ ಹಳೆಯ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯನ್ನೇ ಪಡೆಯಿರಿ. ಒಬ್ಬರಿಗೆ ಒಂದೇ ಯುಎಎನ್ ಇರಬೇಕು. ಗೊತ್ತಿಲ್ಲದೆ ಎರಡನೆಯದು ಹುಟ್ಟಿಕೊಂಡರೆ ಹಳೆ ಹಣ ವರ್ಗಾಯಿಸುವುದು ಜಂಜಾಟ. ಇನ್ನೊಂದು, ವರ್ಷದ ಮಧ್ಯೆ ಸೇರಿದವರಿಂದ ಹಿಂದಿನ ಕಂಪನಿಯ ಸಂಬಳ ಮತ್ತು ತೆರಿಗೆ ಕಡಿತದ ವಿವರ ತೆಗೆದುಕೊಳ್ಳಿ. ಇಲ್ಲದಿದ್ದರೆ ಎರಡೂ ಕಂಪನಿಯವರು ತೆರಿಗೆ ಇಲ್ಲದ ಮಿತಿಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕಡಿಮೆ ಕಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಒಟ್ಟಿಗೆ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ, ಸಿಟ್ಟು ನಮ್ಮ ಮೇಲೆ ಬರುತ್ತದೆ.

ಮಧ್ಯಾಹ್ನದ ಊಟಕ್ಕೆ ಒಬ್ಬರನ್ನೇ ಬಿಡಬೇಡಿ.

5. ಮೊದಲ ಎರಡು ವಾರ ನೋಡಲು, ಕೇಳಲು

ಬಂದ ಮೂರನೇ ದಿನಕ್ಕೆ "ಏನಾದ್ರೂ ಬದಲಾವಣೆ ಮಾಡಿ ಸರ್" ಎಂದು ಮಾಲೀಕರು ಒತ್ತಾಯ ಮಾಡುತ್ತಾರೆ. ಹೊಸಬರಿಗೂ ತಾವು ಏನು ಎಂದು ತೋರಿಸುವ ಆತುರ. ಈ ಎರಡೂ ಸೇರಿಯೇ ನಾನು ಮೇಲೆ ಹೇಳಿದ ಒದ್ದೆ ಸ್ಕ್ರ್ಯಾಪಿನ ಬೆಳಗಾದದ್ದು. ಜೀವಕ್ಕೆ ಅಪಾಯ ಕಂಡರೆ ಕೆಲಸ ನಿಲ್ಲಿಸಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಉಳಿದಂತೆ ಎರಡು ವಾರ ಏನನ್ನೂ ಬದಲಿಸುವುದು ಬೇಡ ಎಂದು ನೀವೇ ಹೇಳಿ. ಕಣ್ಣಿಗೆ ಬಿದ್ದ ದೋಷವನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆಯಲಿ. ಪ್ರತಿಯೊಂದರ ಮುಂದೆ "ಇದು ಹೀಗೇಕಿದೆ ಎಂದು ಯಾರನ್ನು ಕೇಳಬೇಕು?" ಎಂದು ಒಂದು ಹೆಸರು ಬರೆಯಲಿ. ಕೇಳಿದ ಮೇಲೆ ಅರ್ಧ ದೋಷಗಳು ದೋಷವಾಗಿಯೇ ಉಳಿಯುತ್ತವೆ, ಉಳಿದರ್ಧಕ್ಕೆ ಕಾರಣ ಇರುತ್ತದೆ.

ಭೇಟಿಯಾಗಬೇಕಾದ ಹತ್ತು ಹನ್ನೆರಡು ಜನರ ಪಟ್ಟಿ ನೀವೇ ಮಾಡಿಕೊಡಿ. ವಿಭಾಗದ ಮುಖ್ಯಸ್ಥರಷ್ಟೇ ಸಾಲದು. ಸ್ಟೋರ್ ನೋಡಿಕೊಳ್ಳುವವರು, ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂರುವವರು, ಎಲೆಕ್ಟ್ರಿಷಿಯನ್, ಯೂನಿಯನ್ ಮುಖಂಡರು, ಕ್ಯಾಂಟೀನ್ ನಡೆಸುವವರು ಪಟ್ಟಿಯಲ್ಲಿರಲಿ. ಒಬ್ಬೊಬ್ಬರಿಗೂ ಅರ್ಧ ಗಂಟೆ, ಅವರಿರುವ ಜಾಗಕ್ಕೇ ಹೋಗಿ. ಕೇಳಬೇಕಾದ್ದು ಮೂರೇ. ಇಲ್ಲಿ ಯಾವುದು ಚೆನ್ನಾಗಿ ನಡೆಯುತ್ತದೆ, ಮುಟ್ಟಬಾರದು? ದಿನಾ ನಿಮ್ಮ ಕೆಲಸಕ್ಕೆ ಅಡ್ಡ ಬರುವುದು ಯಾವುದು? ನನ್ನ ಹುದ್ದೆಯಲ್ಲಿ ಮೊದಲಿದ್ದವರು ಏನು ಮಾಡಿದ್ದರೆ ಚೆನ್ನಾಗಿತ್ತು? ಜೊತೆಗೆ ಕನಿಷ್ಠ ಮೂರು ರಾತ್ರಿ ಶಿಫ್ಟಿನಲ್ಲಿ ಇರಲಿ. ಹಗಲಿನ ಕಾರ್ಖಾನೆ ಬೇರೆ, ರಾತ್ರಿಯ ಕಾರ್ಖಾನೆ ಬೇರೆ.

6. ಬರೆಯದ ವಿಷಯ ಹೇಳುವ ಒಬ್ಬ ಜೊತೆಗಾರ

ಹೊಸಬರು ನಾಚಿಕೆ ಇಲ್ಲದೆ ಏನನ್ನೂ ಕೇಳಬಹುದಾದ ಒಬ್ಬರು ಬೇಕು. ಅವರು ಮೇಲಧಿಕಾರಿ ಆಗಿರಬಾರದು, ಕೈಕೆಳಗಿನವರೂ ಆಗಿರಬಾರದು, ಆ ಹುದ್ದೆಗೆ ಆಸೆ ಪಟ್ಟವರಂತೂ ಖಂಡಿತ ಬೇಡ. ಬೇರೆ ವಿಭಾಗದ, ಹತ್ತು ವರ್ಷವಾದರೂ ಇಲ್ಲಿ ಕಳೆದ ಒಬ್ಬರನ್ನು ಆರಿಸಿ. ವಾರಕ್ಕೆ ಒಂದು ಸಲ ಟೀಗೆ ಕೂರಲಿ. ಅಲ್ಲಿ ಆಡಿದ ಮಾತು ಮಾಲೀಕರ ಕಿವಿಗೆ ಹೋಗಬಾರದು. ಹೋದರೆ ಆ ವ್ಯವಸ್ಥೆ ಅಲ್ಲಿಗೆ ಸತ್ತಂತೆ.

ಅವರು ಹೇಳಿಕೊಡಬೇಕಾದ್ದು ಏನು? ಮುಖ್ಯವಾಗಿ ಮಲೆನಾಡಿನ ವರ್ಷ ಹೇಗೆ ತಿರುಗುತ್ತದೆ ಅನ್ನುವುದು. ಅಡಿಕೆ ಕೊಯ್ಲು ಶುರುವಾದರೆ ತೋಟ ಇರುವ ಕೆಲಸಗಾರರು ರಜ ಕೇಳುತ್ತಾರೆ, ಸುಲಿಯಲು, ಬೇಯಿಸಲು ಮನೆಯಲ್ಲಿ ಜನ ಬೇಕು. ಅದು ಸೋಮಾರಿತನ ಅಲ್ಲ, ಅವರ ವರ್ಷದ ಆದಾಯ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಹೋಗಲೇಬೇಕಾದವರಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ ಬಂದಾಗ ಶಿವಮೊಗ್ಗದವರ ಮನೆ ತುಂಬ ನೆಂಟರು. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜುಲೈನಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವವರಿಗೆ ಮರ ಬಿದ್ದು ಬಸ್ ತಪ್ಪುವುದು ನೆಪವಲ್ಲ. ಇದು ಗೊತ್ತಿಲ್ಲದ ಮ್ಯಾನೇಜರ್ ನವೆಂಬರಿನಲ್ಲಿ ಎಲ್ಲರ ರಜ ರದ್ದು ಮಾಡಿ ಒಂದೇ ದಿನದಲ್ಲಿ ಇಡೀ ಶಾಪಿನ, ಅಂದರೆ ಕೆಲಸ ನಡೆಯುವ ಶೆಡ್ಡಿನವರೆಲ್ಲರ, ವಿರೋಧ ಕಟ್ಟಿಕೊಳ್ಳುತ್ತಾರೆ. ಗೊತ್ತಿದ್ದವರು ಆಗಸ್ಟಿನಲ್ಲೇ ಕೂತು, ಯಾರ ಕೊಯ್ಲು ಯಾವಾಗ ಎಂದು ಕೇಳಿ, ಪಾಳಿ ಹಂಚುತ್ತಾರೆ.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಕನ್ನಡ ಬಾರದವರು ಬಂದರೆ ಕಲಿಯಲು ವಾರಕ್ಕೆ ಎರಡು ಗಂಟೆ ಕೆಲಸದ ಸಮಯದಲ್ಲೇ ಕೊಡಿ. ಮೊದಲು ಶಾಪ್ ಮೇಲಿನ ಮಾತು ಕಲಿಯಲಿ. "ಊಟ ಆಯ್ತಾ", "ಹುಷಾರು", "ಇದು ಹೇಗೆ ಮಾಡ್ತೀರಿ, ತೋರ್ಸಿ" ಇಷ್ಟು ಬಂದರೆ ಸಾಕು, ಉಳಿದದ್ದನ್ನು ಜನರೇ ಕಲಿಸುತ್ತಾರೆ.

7. ಮೊದಲ ಗೆಲುವು ಕೆಲಸಗಾರರಿಗೆ ಕಾಣುವಂಥದ್ದಾಗಿರಲಿ

ಎರಡನೇ ತಿಂಗಳಲ್ಲಿ ಒಂದು ಕೆಲಸ ಮುಗಿಸಿ ತೋರಿಸಬೇಕು. ವರದಿಯಲ್ಲಿ ಮಾತ್ರ ಕಾಣುವ ಉಳಿತಾಯ ಇದಕ್ಕೆ ಆಗುವುದಿಲ್ಲ. ಎಲ್ಲರೂ ಬಹಳ ದಿನದಿಂದ ಗೊಣಗುತ್ತಿರುವ ಒಂದು ಸಣ್ಣ ತೊಂದರೆ ಹಿಡಿಯಿರಿ. ಮುಂದೆ ಇನ್ನೊಂದು ಕಡೆ ನಾನು ಇದ್ದಾಗ ಹೊಸ ಪ್ಲಾಂಟ್ ಮ್ಯಾನೇಜರ್ ಮೊದಲು ಮಾಡಿಸಿದ ಕೆಲಸ ಸ್ಕ್ರ್ಯಾಪ್ ಯಾರ್ಡಿಗೆ ಪೂರ್ತಿ ಶೀಟು, ನೆಲಕ್ಕೆ ಇಳಿಜಾರು. ಅದು ಬೇಕೆಂದು ಫರ್ನೇಸಿನವರೇ ಅವರಿಗೆ ಹೇಳಿದ್ದು. ಎಲ್ಲಿ ನೀರು ನಿಲ್ಲುತ್ತದೆ ಎಂದು ಹಳಬರೊಬ್ಬರು ಚಾಕ್ ಹಿಡಿದು ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಮ್ಯಾನೇಜರ್ ಆ ಗೆರೆಯನ್ನೇ ಗುತ್ತಿಗೆದಾರರಿಗೆ ತೋರಿಸಿ "ಇವರು ಹೇಳಿದ ಹಾಗೆ ಮಾಡಿ" ಎಂದರು. ಆ ಮಳೆಗಾಲದಿಂದ ಆ ಶಾಪಿನಲ್ಲಿ ಯಾರೂ ಅವರಿಂದ ಏನನ್ನೂ ಮುಚ್ಚಿಡಲಿಲ್ಲ.

8. 30, 60, 90ನೇ ದಿನ ಕೂತು ಮಾತಾಡಿ

ಮುಕ್ಕಾಲು ಗಂಟೆ, ಫೋನ್ ಹೊರಗಿಟ್ಟು. 30ನೇ ದಿನ ಹೊಸಬರೇ ಜಾಸ್ತಿ ಮಾತಾಡಲಿ. ಇಂಟರ್‌ವ್ಯೂನಲ್ಲಿ ಹೇಳಿದ್ದಕ್ಕೂ ಇಲ್ಲಿ ಕಂಡದ್ದಕ್ಕೂ ಎಲ್ಲಿ ವ್ಯತ್ಯಾಸ ಇದೆ ಎಂದು ಕೇಳಿ. ಉತ್ತರ ಕಹಿಯಾಗಿದ್ದರೂ ಸಮರ್ಥಿಸಿಕೊಳ್ಳಲು ಹೋಗಬೇಡಿ. 60ನೇ ದಿನ ಒಂದು ಪುಟದ ಹಾಳೆ ತೆಗೆದು, ಮೂರು ಗುರಿಗಳೂ ಈಗಲೂ ಸರಿ ಇವೆಯೇ ನೋಡಿ. 90ಕ್ಕೆ ಅವರ ಕೈಕೆಳಗಿನ ಇಬ್ಬರು, ಪಕ್ಕದ ವಿಭಾಗದ ಇಬ್ಬರ ಅಭಿಪ್ರಾಯ ಮೊದಲೇ ಕೇಳಿಟ್ಟುಕೊಂಡು, ಹೆಸರು ಹೇಳದೆ ಸಾರ ತಿಳಿಸಿ.

9. ಮಾಲೀಕರು ಮ್ಯಾನೇಜರ್ ಕೋಣೆಯ ಬಾಗಿಲು ತೋರಿಸಬೇಕು

ನಮ್ಮಲ್ಲಿ ಹೆಚ್ಚಿನವು ಕುಟುಂಬದ ಕಾರ್ಖಾನೆಗಳು. 20 ವರ್ಷದಿಂದ ಎಲ್ಲರೂ ನೇರ ಮಾಲೀಕರ ಕೋಣೆಗೇ ಹೋಗುತ್ತಿದ್ದವರು. ಹೊಸ ಮ್ಯಾನೇಜರ್ ಬಂದ ಮೇಲೂ ಒಬ್ಬ ಸೂಪರ್‌ವೈಸರ್ "ಯಜಮಾನ್ರೇ, ಒಂದ್ ಮಾತು" ಎಂದು ಒಳಗೆ ಬರುತ್ತಾರೆ. ಯಜಮಾನರು ಪ್ರೀತಿಯಿಂದಲೇ ಕೂರಿಸಿ, ಕೇಳಿ, "ಆಯ್ತು, ಹಾಗೇ ಮಾಡಿ" ಎನ್ನುತ್ತಾರೆ. ಆ ಒಂದು "ಆಯ್ತು"ಗೆ ಮ್ಯಾನೇಜರ್ ಅಂದು ಬೆಳಗ್ಗೆ ಕೊಟ್ಟ ಸೂಚನೆ ಬಿದ್ದು ಹೋಗುತ್ತದೆ. ಮಧ್ಯಾಹ್ನದೊಳಗೆ ಇಡೀ ಕಾರ್ಖಾನೆಗೆ ಗೊತ್ತಾಗುತ್ತದೆ, ಯಾರ ಮಾತು ನಡೆಯುತ್ತದೆ ಎಂದು.

ಬಾಗಿಲು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಹಳಬರಿಗೆ ಆ ಬಾಗಿಲು ಒಂದು ಭರವಸೆ. ಮನೆಯ ಕಷ್ಟ, ಅನ್ಯಾಯದ ದೂರು ಹೇಳಲು ಬರಲಿ. ಕೆಲಸದ ತೀರ್ಮಾನ ಕೇಳಲು ಬಂದರೆ ಮಾತ್ರ ಒಂದೇ ಉತ್ತರ: "ಮ್ಯಾನೇಜರ್ ಹತ್ರ ಮಾತಾಡಿದ್ರಾ? ಬನ್ನಿ, ಅವರನ್ನೂ ಕರೆಯೋಣ." ಮೊದಲ ಮೂರು ತಿಂಗಳು ಇದನ್ನು ತಪ್ಪದೆ ಮಾಡಿದರೆ ಅಭ್ಯಾಸ ತಾನೇ ಬದಲಾಗುತ್ತದೆ. ಮಗ, ಅಳಿಯ, ತಮ್ಮ ಕಾರ್ಖಾನೆಗೆ ಬರುತ್ತಿದ್ದರೆ ಅವರಿಗೂ ಇದೇ ನಿಯಮ. ಮ್ಯಾನೇಜರ್ ತಪ್ಪು ಮಾಡಿದರೆ ಕೋಣೆಯಲ್ಲಿ ಹೇಳಿ, ಶಾಪ್ ಮೇಲೆ ಎಲ್ಲರೆದುರು ಬೇಡ.

10. ಮನೆ ನೆಲೆ ನಿಂತಿದೆಯೇ?

ತಿಂಗಳಿಗೊಮ್ಮೆ ಇದನ್ನೂ ಕೇಳಿ. ದೂರದಿಂದ ಬಂದವರಲ್ಲಿ ಎಷ್ಟೋ ಜನ ಮನೆಯ ಕಾರಣಕ್ಕೇ ಕೆಲಸ ಬಿಡುತ್ತಾರೆ. ಹೆಂಡತಿ ಅಥವಾ ಗಂಡ ಅಲ್ಲಿ ಕೆಲಸ ಬಿಟ್ಟು ಬಂದಿದ್ದರೆ ಇಲ್ಲಿ ಹುಡುಕಲು ನಿಮ್ಮ ಪರಿಚಯ ಬಳಸಿ. ಮೊದಲ ಮಳೆಗಾಲ ನೋಡುವವರಿಗೆ ಗೋಡೆಯ ಬೂಷ್ಟು, ಮೂರು ದಿನವಾದರೂ ಒಣಗದ ಬಟ್ಟೆ, ಬೆಳಗ್ಗೆಯಿಂದ ಇಲ್ಲದ ಕರೆಂಟು, ಎಲ್ಲ ಸೇರಿ ಮಂಕು ಕವಿಯುತ್ತದೆ. ಹಬ್ಬಕ್ಕೆ ಒಬ್ಬರಾದರೂ ಮನೆಗೆ ಕರೆಯಲಿ. ಪತ್ರೊಡೆ, ಕಳಲೆ ಪಲ್ಯ ತಿಂದು, ಪಕ್ಕದ ಮನೆಯವರ ಹೆಸರು ಗೊತ್ತಾದ ಮೇಲೆ ಊರು ಪರವಾಗಿಲ್ಲ ಅನ್ನಿಸಲು ಶುರುವಾಗುತ್ತದೆ.

11. ಹೊಂದದೇ ಇದ್ದರೆ

ಎಲ್ಲ ಮಾಡಿದರೂ ಕೆಲವು ಸಲ ಹೊಂದುವುದಿಲ್ಲ. ಗುರುತು ಹಿಡಿಯುವುದು ಕಷ್ಟವಲ್ಲ. "ನಮ್ಮ ಹಳೆ ಕಂಪನಿಯಲ್ಲಿ" ಎನ್ನುವ ಮಾತು ನಾಲ್ಕನೇ ತಿಂಗಳಲ್ಲೂ ನಿಂತಿರುವುದಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ್ದು ಶಾಪ್ ಮೇಲೆ ಆಗುವುದಿಲ್ಲ. ಶಾಪಿಗಿಂತ ಕೋಣೆಯಲ್ಲೇ ಜಾಸ್ತಿ ಹೊತ್ತು ಕಳೆಯುತ್ತಾರೆ. ಇದು ಕಂಡರೆ ಪ್ರೊಬೇಷನ್ ಮುಗಿಯುವ ವಾರದವರೆಗೆ ಕಾಯಬೇಡಿ. ನೇರವಾಗಿ ಕೂತು, ಯಾವ ಎರಡು ವಿಷಯ ಯಾವ ದಿನದೊಳಗೆ ಬದಲಾಗಬೇಕು ಎಂದು ಹೇಳಿ, ನೀವು ಏನು ಸಹಾಯ ಮಾಡುತ್ತೀರಿ ಅದನ್ನೂ ಬರೆದುಕೊಡಿ. ಆಮೇಲೂ ಆಗದಿದ್ದರೆ ಗೌರವದಿಂದ ಬಿಡುಗಡೆ ಮಾಡಿ. ಬಾಕಿ ಹಣ, ಅನುಭವ ಪತ್ರ ತಡ ಮಾಡದೆ ಕೊಡಿ.

ನೆಲೆ ನಿಂತವರ ಹತ್ತಿರ ಆರನೇ ತಿಂಗಳ ಕೊನೆಗೆ ಆ ಎರಡು ವಾರದ ನೋಟ್ ಪುಸ್ತಕ ತೆಗೆಸಿ. ಅವರು ಆಗ ಕೇಳಿದ ಪ್ರಶ್ನೆಗಳು, ಸಿಕ್ಕ ಉತ್ತರಗಳು, ಯಾರು ಹೇಳಿದ್ದು ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಟೈಪ್ ಮಾಡಿಸಿ ಇಟ್ಟುಕೊಳ್ಳಿ. ಮುಂದಿನವರು ಬಂದ ಮೊದಲ ದಿನ ಅವರ ಕೈಗೆ ಕೊಡಬಹುದು. ಒದ್ದೆ ಸ್ಕ್ರ್ಯಾಪಿನ ವಿಷಯ ನಮ್ಮ ಪ್ರತಿಯಲ್ಲಿ ಮೊದಲ ಪುಟದಲ್ಲೇ ಇದೆ.